ದೊಡ್ಡಮ್ಮನ ಆಸ್ಕರ್

ಕಾಸರಗೋಡಿನವರು ಸಿನೆಮಾಕ್ಕೆ ಹೊರಡುವುದೆಂದರೆ ಮೊದಲು ಭಾಷೆಯ ಪಂಚಾಯಿತಿ ಮುಗಿಯಬೇಕು. ನಮ್ಮ ಮನೆಯೊಳಗೆ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಮಗಳು ಟಿವಿ ನೋಡುವುದು ಇಂಗ್ಲಿಷಿನಲ್ಲಿ. ದೊಡ್ಡಮ್ಮನದ್ದು ಕನ್ನಡ ಬಿಟ್ಟರೆ ತುಳು, ಅಷ್ಟೇ. ಅವರು ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದಲ್ಲಿ. 1956ರಲ್ಲಿ ರಾಜ್ಯಗಳ ಗಡಿ ಬದಲಾದ ನಂತರ ಮದುವೆಯಾಗಿ ಬಂದದ್ದು ಕೇರಳಕ್ಕೆ. ಎರಡು ಮನೆಗಳ ನಡುವೆ ಇರುವುದು ಒಂದು ಗುಡ್ಡ ಮಾತ್ರ.

2018ರ ಜೂನ್ ತಿಂಗಳ ಮಳೆಯಲ್ಲಿ ಅವರನ್ನೂ ಹೊರಡಿಸಿಕೊಂಡು, ಬದಿಯಡ್ಕದಿಂದ ಮಂಗಳೂರಿಗೆ ‘ಇನ್‌ಕ್ರೆಡಿಬಲ್ಸ್ 2’ ನೋಡಲು ಹೋದದ್ದು ನನ್ನ ಹೆಂಡತಿಯ ಐಡಿಯಾ. “ಕಾರ್ಟೂನ್ ಅಲ್ವಾ? ಅದಕ್ಕೆಂತ ಭಾಷೆ?” ಎಂದಳು.

ಥಿಯೇಟರಿನ ಬಾಗಿಲಲ್ಲೇ ತಡೆ. ದೊಡ್ಡಮ್ಮನ ಚೀಲದಲ್ಲಿ ಹಲಸಿನಕಾಯಿ ಸೋಂಟೆ, ಅಂದರೆ ಚಿಪ್ಸ್, ಇತ್ತು. ಹೊರಗಿನ ತಿಂಡಿ ಬಿಡುವುದಿಲ್ಲ ಎಂದ ಕಾವಲಿನ ಹುಡುಗ. “ವಾಪಸು ಬರುವಾಗ ತೂಗಿ ನೋಡ್ತೇನೆ” ಎಂದು ಹೇಳಿಯೇ ದೊಡ್ಡಮ್ಮ ಪೊಟ್ಟಣ ಕೊಟ್ಟದ್ದು.

ಈ ಸಿನೆಮಾ ಮಾಡಿದ ಪಿಕ್ಸಾರ್‌ನವರಿಗೆ ಆಗ ಒಂದು ಅಭ್ಯಾಸ ಇತ್ತು. ದೊಡ್ಡ ಸಿನೆಮಾಕ್ಕೆ ಮೊದಲು ಒಂದು ಪುಟ್ಟ ಸಿನೆಮಾ ತೋರಿಸುತ್ತಿದ್ದರು. ಈ ಸಲದ್ದು ‘ಬಾವ್’. ಎಂಟೇ ನಿಮಿಷ. ಚೀನಾದಿಂದ ಬಂದು ಕೆನಡಾದಲ್ಲಿ ನೆಲೆಸಿದ ಒಬ್ಬ ಹೆಂಗಸು ಹಬೆಯಲ್ಲಿ ಕಡುಬು ಬೇಯಿಸುತ್ತಾಳೆ. ಒಂದು ಕಡುಬು ಬಾಯಿಗೆ ಹೋಗುತ್ತಲೇ ಕುಂಯ್ಯೋ ಎಂದು ಅಳುತ್ತದೆ! ಅದಕ್ಕೆ ಕೈಕಾಲು ಮೂಡುತ್ತದೆ. ಅವಳು ಅದನ್ನು ಮಗನ ಹಾಗೆ ಸಾಕುತ್ತಾಳೆ. ಕಡುಬಿಗೆ ಗಡ್ಡ ಬರುತ್ತದೆ, ಹೊಂಬಣ್ಣದ ಕೂದಲಿನ ಹುಡುಗಿಯೂ ಬರುತ್ತಾಳೆ. ಗಂಟುಮೂಟೆ ಕಟ್ಟಿ ಹೊರಟ ಮಗನನ್ನು ತಾಯಿ ಎಳೆದಾಡಿ, ಗಬಕ್ಕನೆ ಬಾಯಿಗೆ ಹಾಕಿಕೊಂಡುಬಿಡುತ್ತಾಳೆ.

ಹಾಲ್ ಗಪ್‌ಚಿಪ್. ಮರುಕ್ಷಣ ನನ್ನ ಮಗಳು “ತಿಂದೇಬಿಟ್ಟಳು!” ಎಂದು ಕಿರುಚಿದಳು. ಹಿಂದಿನ ಸಾಲಿನ ಮಕ್ಕಳೂ ಶ್ರುತಿ ಸೇರಿಸಿದವು.

“ಮತ್ತೆ? ಬಿಟ್ಟು ಹೋಗುವವನನ್ನು ಎಂತ ಮಾಡುವುದು?” ಅಂದರು ದೊಡ್ಡಮ್ಮ. ಮೆಲ್ಲ ಅಲ್ಲ.

ಒಂದೇ ಒಂದು ಮಾತಿಲ್ಲದ ಚಿತ್ರ ಅದು. ಕೊನೆಗೆ ನಿಜವಾದ ಮಗ ಬರುತ್ತಾನೆ. ಎಲ್ಲರೂ ಕೂತು ಕಡುಬು ಮಾಡುತ್ತಾರೆ. ಮಗನ ಕೈಯಲ್ಲಿ ಅದು ನಿಲ್ಲುವುದಿಲ್ಲ, ಆ ಹುಡುಗಿ ಮಾತ್ರ ಚೆಂದಕ್ಕೆ ಮಡಿಕೆ ಹಾಕುತ್ತಾಳೆ. “ಆಗಬಹುದು ಇವಳು” ಎಂದು ದೊಡ್ಡಮ್ಮ ಸಂಬಂಧ ಒಪ್ಪಿಯೇಬಿಟ್ಟರು. ಕೊಡೆ ಕೈಗೆತ್ತಿಕೊಂಡು ಎದ್ದು ನಿಂತರು. “ಲಾಯ್ಕಿತ್ತು. ಹೋಗುವ.”

ಇನ್ನೂ ಎರಡು ಗಂಟೆಯ ಸಿನೆಮಾ ಉಂಟು ಎಂದಾಗ, ಮಜ್ಜಿಗೆ ಅನ್ನ ಉಂಡವರ ಎಲೆಗೆ ಪುನಃ ಸಾರು ಬಡಿಸಿದ ಹಾಗಾಯಿತು ಅವರ ಮುಖ.

ದೊಡ್ಡ ಸಿನೆಮಾ ನನಗೇನೋ ಹಿಡಿಸಿತು. ಮೊದಲ ಭಾಗ ಬಂದದ್ದು 2004ರಲ್ಲಿ. 14 ವರ್ಷದ ಮೇಲೆ ಬಂದ ಕಥೆ ಅದೇ ಗಳಿಗೆಯಿಂದ ಮುಂದುವರಿಯುತ್ತದೆ, ಮಗು ಇನ್ನೂ ಮಗುವೇ. ಕಥೆಯ ಸೂಪರ್‌ಹೀರೋ ಸಂಸಾರದಲ್ಲಿ ಹೆಂಡತಿ ಲೋಕ ಉಳಿಸಲು ಹೋಗುತ್ತಾಳೆ, ಗಂಡ ಮನೆಯಲ್ಲಿ ಮಗನ ಹೊಸ ಲೆಕ್ಕ ಅರ್ಥವಾಗದೆ ಒದ್ದಾಡುತ್ತಾನೆ. ಆ ದೃಶ್ಯ ಮುಗಿಯುವವರೆಗೂ ನನ್ನ ಪಕ್ಕೆಗೆ ನನ್ನ ಹೆಂಡತಿಯ ಮೊಣಕೈ ತಿವಿಯುತ್ತಲೇ ಇತ್ತು. ಖಳ ಯಾರು ಅಂತ ಮಾತ್ರ ಅರ್ಧಕ್ಕೇ ಗೊತ್ತಾಗುತ್ತದೆ. ಅದೊಂದು ಸಪ್ಪೆ.

ದೊಡ್ಡಮ್ಮ ಹಾಯಾಗಿ ನಿದ್ದೆ. ಎಚ್ಚರವಾದದ್ದು ಒಮ್ಮೆ, ಕೂಸಿಗೂ ರಕೂನ್ ಎಂಬ ಪ್ರಾಣಿಗೂ ಹಿತ್ತಲಲ್ಲಿ ಕಾಳಗ ಬಿದ್ದಾಗ. “ಕಬ್ಬೆಕ್ಕು! ಕಲ್ಲು ತೆಗೆದು ಬಿಸಾಡು!” ಎಂದು ಕೂಗಿದರು. ನಮ್ಮ ತೋಟದ ಕೊಕ್ಕೋ ಕಾಯಿಗಳನ್ನು ರಾತ್ರಿ ಖಾಲಿ ಮಾಡುವವರ ಮೇಲಿನ ಹಳೇ ಸಿಟ್ಟು ಅದು. ಸಿನೆಮಾದ ಅತ್ಯುತ್ತಮ ದೃಶ್ಯವೂ ಅದೇ, ನನ್ನ ಲೆಕ್ಕದಲ್ಲಿ.

ವಾಪಸು ಬರುವಾಗ ಬಸ್ಸಿನಲ್ಲಿ ಚರ್ಚೆ. ಹೆಂಡತಿ ದೊಡ್ಡ ಸಿನೆಮಾದ ಕಡೆ. ದೊಡ್ಡಮ್ಮ ಪುಟ್ಟದರ ಕಡೆ. ಮಗಳು ಎರಡೂ ಬೇಡ, ಸೋಂಟೆ ಬೇಕು. ಸೋಂಟೆ ಸಿಕ್ಕಿತ್ತು, ತೂಕ ಕಮ್ಮಿಯಾಗಿದೆ ಎಂಬ ದೂರು ಕುಂಬಳೆಯವರೆಗೂ ನಡೆಯಿತು. ತೀರ್ಪು ಬರಲು ಮುಂದಿನ ಫೆಬ್ರವರಿ ಆಯಿತು: ‘ಬಾವ್’ಗೆ ಆಸ್ಕರ್, ‘ಇನ್‌ಕ್ರೆಡಿಬಲ್ಸ್ 2’ಗೆ ಬರೇ ನಾಮನಿರ್ದೇಶನ. ನಿರ್ದೇಶಕಿ ಡೋಮೀ ಶಿ ತನ್ನ ಅಮ್ಮನನ್ನೇ ಸ್ಟುಡಿಯೋಕ್ಕೆ ಕರೆಸಿ, ಕಡುಬು ಮಡಿಸುವುದನ್ನು ತಂಡದವರಿಗೆ ತೋರಿಸಿದ್ದರು. ಹೇಳಿದೆ. “ಅದು ಮಡಿಕೆ ನೋಡಿದರೇ ಗೊತ್ತಾಗ್ತದೆ” ಎಂದರು ದೊಡ್ಡಮ್ಮ, ಆಸ್ಕರ್ ಎಂದರೆ ಯಾರು ಎಂದೂ ಕೇಳಲಿಲ್ಲ.

ನಿಜವಾದ ಫಜೀತಿ ಶುರುವಾದದ್ದು ಸಿನೆಮಾದ ಮರುದಿನ. ಬೆಳಿಗ್ಗೆ ಹಲಸಿನ ಹಣ್ಣಿನ ಕೊಟ್ಟಿಗೆ, ಅಂದರೆ ಬಾಳೆಲೆಯಲ್ಲಿ ಕಟ್ಟಿ ಬೇಯಿಸುವ ನಮ್ಮ ಕಡುಬು. ಬಾಳೆಲೆಯ ಕಟ್ಟು ಬಿಡಿಸಿದರೆ ಹಬೆ, ಹಣ್ಣಿನ ಪರಿಮಳ, ಎಲೆಯ ಗೆರೆ ಅಚ್ಚಾದ ಕಂದು ಮೈ. ಮಗಳು ಬೆರಳಿಂದ ಮೆಲ್ಲ ತಿವಿದು ಕಿವಿಯಿಟ್ಟು ಕೇಳಿದಳು. ಮಗುಚಿ ಹಾಕಿ ಕಾಲು ಉಂಟಾ ನೋಡಿದಳು. ಒಂದಲ್ಲ, ಹಬೆಯ ಅಟ್ಟಿನಳಗೆಯಲ್ಲಿದ್ದ ಎಲ್ಲದರದ್ದೂ ತಪಾಸಣೆ ಆಗುವವರೆಗೆ ನಮಗೂ ತಿಂಡಿಯಿಲ್ಲ. ಕೊನೆಗೆ ತಾನು ತಿಂದದ್ದು ಬ್ರೆಡ್ಡು.

ಅದೇ ವಾರ ಶಾರ್ಜಾದಿಂದ ಅಣ್ಣನ ಫೋನ್ ಬಂತು. ದೊಡ್ಡಮ್ಮನ ಒಬ್ಬನೇ ಮಗ.

“ಮಾರಾಯ, ಅಮ್ಮನಿಗೆ ನೀನು ಎಂತ ಸಿನೆಮಾ ತೋರಿಸಿದ್ದು?”

“ಮಕ್ಕಳದ್ದು. ಸೂಪರ್‌ಹೀರೋ ಸಿನೆಮಾ. ಯಾಕೆ?”

“ದಿನಾ ಫೋನ್ ಮಾಡಿ, ನಿನ್ನ ಹೆಂಡತಿಗೆ ಕೊಟ್ಟಿಗೆ ಕಟ್ಟಲಿಕ್ಕೆ ಬರ್ತದಾ ಕೇಳ್ತಾರೆ. ಬರುವುದಿಲ್ಲ ಅಂದೆ. ಹಾಗಾದರೆ ನಿನ್ನನ್ನು ತಿನ್ನಬೇಕಷ್ಟೆ ಅಂತಾರೆ!”