ವೇಷವನ್ನೂ ಕಟ್ಟಿದ ಭಾಗವತ: ಫ್ರೆಡ್ಡಿ ಮರ್ಕ್ಯುರಿಯ ಕುರಿತು

ಸೆಪ್ಟೆಂಬರ್ 5 ಬಂತೆಂದರೆ ಶಿಕ್ಷಕರ ದಿನಾಚರಣೆಯ ಶುಭಾಶಯಗಳ ನಡುವೆ ಬ್ರಿಟನ್ನಿನ ‘ಕ್ವೀನ್’ ರಾಕ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಜನ್ಮದಿನದ ಚಿತ್ರವೂ ನಮ್ಮ ಶಿರಸಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗುತ್ತದೆ. ‘ಜಗತ್ತನ್ನು ಗೆದ್ದ ಭಾರತೀಯ’ ಎಂದು ಒಬ್ಬರು ಹೆಮ್ಮೆಪಟ್ಟರೆ, ‘ಆ ಬಟ್ಟೆ, ಆ ಕುಣಿತ ತೆಗೆದರೆ ಹಾಡಿನಲ್ಲಿ ಉಳಿಯುವುದೇನು?’ ಎಂದು ಇನ್ನೊಬ್ಬರು ಕೇಳುತ್ತಾರೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದ ಊರಿನವರೇ ಈ ಪ್ರಶ್ನೆ ಕೇಳುವುದು ನನಗೆ ಸೋಜಿಗವೆನಿಸುತ್ತದೆ.

ಮೊದಲು ಆ ಹೆಮ್ಮೆಯ ವಿಷಯ. ಫ್ರೆಡ್ಡಿಯ ಹುಟ್ಟುಹೆಸರು ಫರೋಖ್ ಬುಲ್ಸಾರಾ. ಅವನು ಹುಟ್ಟಿದ್ದು 1946ರಲ್ಲಿ, ಆಫ್ರಿಕಾದ ಜಾಂಜಿಬಾರ್‌ನಲ್ಲಿ. ತಂದೆತಾಯಿ ಗುಜರಾತ್ ಮೂಲದ ಪಾರ್ಸಿಗಳು. ಎಂಟನೆಯ ವಯಸ್ಸಿನ ಸುಮಾರಿಗೆ ಅವನನ್ನು ಓದಲು ಕಳುಹಿಸಿದ್ದು ನಮ್ಮದೇ ಸಹ್ಯಾದ್ರಿಯ ಉತ್ತರ ಭಾಗದಲ್ಲಿರುವ, ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಗೆ. ಫ್ರೆಡ್ಡಿ ಎಂಬ ಹೆಸರು ಅಂಟಿಕೊಂಡದ್ದೂ, ಪಿಯಾನೊ ಕೈಗೆ ಒಗ್ಗಿದ್ದೂ ಅಲ್ಲಿಯೇ. ಗೆಳೆಯರೊಂದಿಗೆ ಕಟ್ಟಿದ ‘ಹೆಕ್ಟಿಕ್ಸ್’ ತಂಡದಲ್ಲಿ ಅವನು ಮುಖ್ಯ ಗಾಯಕನಾಗಿರಲಿಲ್ಲ, ಪಿಯಾನೊ ನುಡಿಸುತ್ತಿದ್ದ. ಆ ಶಾಲೆಗೆ ಸಲ್ಲಬೇಕಾದ ಶ್ರೇಯಸ್ಸನ್ನು ಧಾರಾಳವಾಗಿ ಸಲ್ಲಿಸೋಣ. ಆದರೆ 1964ರ ಜಾಂಜಿಬಾರ್ ಕ್ರಾಂತಿಯಿಂದ ತಪ್ಪಿಸಿಕೊಂಡು ಲಂಡನ್ನಿನ ಹೊರವಲಯದ ಫೆಲ್ಟಮ್‌ಗೆ ಬಂದ ಕುಟುಂಬದ ಹುಡುಗನೊಬ್ಬ ಅಲ್ಲಿ ತಾನಾಗಿ ಕಟ್ಟಿಕೊಂಡ ಬದುಕನ್ನು ನಾವು ರಕ್ತದ ಲೆಕ್ಕದಲ್ಲಿ ನಮ್ಮದೆನ್ನುವುದು ಅಷ್ಟೇನೂ ಚೆಂದವಲ್ಲ.

ಈಲಿಂಗ್ ಕಲಾಶಾಲೆಯಲ್ಲಿ ಅವನು ಕಲಿತದ್ದು ಸಂಗೀತವನ್ನಲ್ಲ, ಗ್ರಾಫಿಕ್ ವಿನ್ಯಾಸವನ್ನು. 1970ರಲ್ಲಿ ಬ್ರಯಾನ್ ಮೇ ಮತ್ತು ರೋಜರ್ ಟೇಲರ್ ಜೊತೆ ಸೇರಿ ಕಟ್ಟಿದ ತಂಡಕ್ಕೆ ‘ಕ್ವೀನ್’ ಎಂದು ಹೆಸರಿಟ್ಟವನೂ, ನಾಲ್ವರ ರಾಶಿಚಿಹ್ನೆಗಳನ್ನು ಸೇರಿಸಿ ಅದರ ಲಾಂಛನ ಬರೆದವನೂ ಅವನೇ. ಮರುವರ್ಷ ಜಾನ್ ಡೀಕನ್ ಬಂದ ಮೇಲೆ ತಂಡ ಪೂರ್ಣವಾಯಿತು. ಹೇಗೆ ಕಾಣಬೇಕೆಂಬ ವಿಚಾರ ಅವನಿಗೆ ಹೇಗೆ ಕೇಳಿಸಬೇಕೆಂಬುದರಷ್ಟೇ ಮುಖ್ಯವಾಗಿತ್ತು. ಬ್ರಿಟನ್ನಿನ ಸಂಗೀತ ಪತ್ರಿಕೆಗಳಿಗೆ ಸಹಿಸಲಾಗದಿದ್ದದ್ದು ಇದೇ. ಈ ಮನುಷ್ಯ ಮೂರ್ಖನೇ ಎಂಬರ್ಥದ ತಲೆಬರಹವನ್ನು 1977ರಲ್ಲಿ ಎನ್‌ಎಂಇ ಪತ್ರಿಕೆ ಹಾಕಿತ್ತು.

ಅವರ ತಕರಾರು ನನಗೆ ಅರ್ಥವಾಗುತ್ತದೆ. ಬಣ್ಣ ಹಚ್ಚಿದವನ ಕಲೆ ಪ್ರಾಮಾಣಿಕವಲ್ಲ ಎಂಬ ಗುಮಾನಿ ಆ ಕಾಲದ ರಾಕ್ ವಿಮರ್ಶೆಯಲ್ಲಿ ಆಳವಾಗಿತ್ತು. ನಮಗೆ ಆ ಗುಮಾನಿ ಏಕೆ? ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೋ ಭಸ್ಮಾಸುರನನ್ನೋ ಕಂಡವರಾರೂ ಕಿರೀಟ ತೆಗೆದು ಅಭಿನಯಿಸಿ ತೋರಿಸಿ ಎಂದು ಕೇಳಿದ್ದಿಲ್ಲ. ಬಡಗುತಿಟ್ಟಿನ ಆಟದಲ್ಲಿ ಹಾಡುವ ಹೊಣೆ ಭಾಗವತರದು, ಕುಣಿಯುವ ಹೊಣೆ ವೇಷಧಾರಿಯದು. ಫ್ರೆಡ್ಡಿ ಆ ಎರಡನ್ನೂ ಒಂದೇ ಉಸಿರಿನಲ್ಲಿ ಹೊತ್ತವನು, ಅದೂ ಶ್ರುತಿ ತಪ್ಪದೆ. (ಹೆಚ್ಚುವರಿ ನಾಲ್ಕು ಹಲ್ಲುಗಳನ್ನು ಕೀಳಿಸಿದರೆ ಕಂಠ ಕೆಟ್ಟೀತೆಂದು ಅವನ್ನು ಹಾಗೆಯೇ ಉಳಿಸಿಕೊಂಡಿದ್ದನಂತೆ. ರೂಪದ ಮೋಹ ಮಾತ್ರ ಇದ್ದವನು ಹಾಗೆ ಮಾಡಲಾರ.)

ಹಾಡಿನಲ್ಲಿ ಉಳಿಯುವುದೇನು ಎಂದವರು 1975ರ ‘ಬೊಹೀಮಿಯನ್ ರಾಪ್ಸಡಿ’ಯನ್ನು ಕಣ್ಣುಮುಚ್ಚಿ ಕೇಳಬೇಕು. 5 ನಿಮಿಷ 55 ಸೆಕೆಂಡುಗಳ ಈ ರಚನೆಯಲ್ಲಿ ಮತ್ತೆಮತ್ತೆ ಬರುವ ಪಲ್ಲವಿಯೇ ಇಲ್ಲ. ನಡುವಿನ ಅಪೆರಾ ಭಾಗದಲ್ಲಿ ದೊಡ್ಡ ವೃಂದವೇ ಹಾಡುತ್ತಿರುವಂತೆ ಕೇಳಿಸಿದರೂ ಅಲ್ಲಿರುವುದು ಫ್ರೆಡ್ಡಿ, ಮೇ, ಟೇಲರ್ ಮೂವರ ದನಿ ಮಾತ್ರ. ಅದನ್ನೇ ಪದರಪದರವಾಗಿ ಟೇಪಿನ ಮೇಲೆ ಮತ್ತೆಮತ್ತೆ ಮುದ್ರಿಸಿ, ಟೇಪು ಸವೆಯುವಷ್ಟು ದುಡಿದು ಆ ಭಾಗವನ್ನು ಕಟ್ಟಿದರು. ರೇಡಿಯೊಗೆ ಇದು ತೀರ ಉದ್ದವೆಂಬ ಆಕ್ಷೇಪವಿದ್ದರೂ ಹಾಡು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಅಷ್ಟೊಂದು ದನಿಗಳನ್ನು ವೇದಿಕೆಯಲ್ಲಿ ಹಾಡಲಾಗದ್ದರಿಂದ ಕಛೇರಿಗಳಲ್ಲಿ ಆ ಭಾಗ ಬಂದಾಗ ಧ್ವನಿಮುದ್ರಿಕೆ ಹಾಕಿ, ನಾಲ್ವರೂ ಒಳಗೆ ಸರಿಯುತ್ತಿದ್ದರು.

ವೇಷದ ಮಾತಿಗೆ ದೊಡ್ಡ ಉತ್ತರವಿರುವುದು 1985ರ ಜುಲೈ 13ರಂದು ಬರಪರಿಹಾರ ನಿಧಿಗಾಗಿ ನಡೆದ ‘ಲೈವ್ ಏಡ್’ ಕಛೇರಿಯಲ್ಲಿ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸುಮಾರು 72,000 ಜನರೆದುರು ಅವನು ನಿಂತದ್ದು ಬಿಳಿ ಬನಿಯನ್, ಜೀನ್ಸ್ ಪ್ಯಾಂಟಿನಲ್ಲಿ. ರೇಷ್ಮೆಯಿಲ್ಲ, ಕಿರೀಟವಿಲ್ಲ, ವಿಶೇಷ ಬೆಳಕೂ ಇಲ್ಲ, ಹಾಡಹಗಲು. ಕೈಯಲ್ಲಿ ಅರ್ಧ ಮೈಕ್ ಕೋಲು. ಆದರೂ ಒಡ್ಡೋಲಗಕ್ಕೆ ಬಂದ ರಾಜನ ಗತ್ತು ಒಂದಿಷ್ಟೂ ಕುಂದಿರಲಿಲ್ಲ. ಕೇವಲ ‘ಏ... ಓ’ ಎಂಬ ಸ್ವರ ಎಳೆದು ಇಡೀ ಕ್ರೀಡಾಂಗಣದಿಂದ ಅದನ್ನೇ ಮರಳಿ ಹಾಡಿಸಿಕೊಂಡ. ಸುಮಾರು 21 ನಿಮಿಷಗಳ ಆ ಪ್ರದರ್ಶನವನ್ನು ಕಾರವಾರದ ಟ್ಯಾಗೋರ್ ಕಡಲತೀರದ ವೇದಿಕೆಗೆ ಹತ್ತುವ ಪ್ರತಿಯೊಬ್ಬ ಯುವ ಗಾಯಕನೂ ನೋಡಬೇಕು. ‘ಎಲ್ಲರೂ ಚಪ್ಪಾಳೆ ತಟ್ಟಿ’ ಎಂದು ಅಂಗಲಾಚುವುದು ಆಮೇಲಾದರೂ ಕಡಿಮೆಯಾದೀತು.

ಅವನ ಬದುಕಿನ ಕುರಿತ 2018ರ ‘ಬೊಹೀಮಿಯನ್ ರಾಪ್ಸಡಿ’ ಸಿನಿಮಾದಿಂದ ಫ್ರೆಡ್ಡಿಯನ್ನು ಅರಿತವರು ಒಂದು ವಿಷಯ ತಿದ್ದಿಕೊಳ್ಳಬೇಕು. ಲೈವ್ ಏಡ್‌ಗೆ ಮುಂಚೆಯೇ ಅವನಿಗೆ ಎಚ್‌ಐವಿ ಸೋಂಕು ತಿಳಿದಿತ್ತೆಂದು ಅಲ್ಲಿ ತೋರಿಸಿದ್ದಾರೆ. ಆದರೆ ಅದು ಪತ್ತೆಯಾದದ್ದು 1987ರಲ್ಲಿ ಎಂದೇ ಅವನ ಆಪ್ತರ ಹೇಳಿಕೆ. ಕಣ್ಣೀರಿಗಾಗಿ ಕಾಲವನ್ನೇ ಹಿಂದುಮುಂದು ಮಾಡಿದ್ದು ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ನಿಜವಾಗಿ ನಡೆದದ್ದು ಅದಕ್ಕಿಂತ ದೊಡ್ಡದು: ಸೋಂಕು ಗೊತ್ತಾದ ನಂತರವೇ ಅವನು ಸ್ಪೇನಿನ ಅಪೆರಾ ಗಾಯಕಿ ಮೊಂಟ್ಸೆರಾಟ್ ಕಬಾಯೆ ಅವರೊಂದಿಗೆ ‘ಬಾರ್ಸಿಲೋನಾ’ ಆಲ್ಬಮ್ ಪೂರೈಸಿದ್ದು, ದೇಹ ಕುಸಿಯುತ್ತಿದ್ದಾಗ ಕ್ವೀನ್‌ನ 1991ರ ‘ಇನ್ಯುಯೆಂಡೊ’ ಆಲ್ಬಮ್‌ಗೆ ದನಿ ಕೊಟ್ಟದ್ದು. ಅದೇ ವರ್ಷದ ನವೆಂಬರ್ 23ರಂದು ಕಾಯಿಲೆಯನ್ನು ಬಹಿರಂಗಪಡಿಸಿ, ಮರುದಿನವೇ 45ನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಕೊನೆಯ ಮುದ್ರಣಗಳಲ್ಲಿ ಬಟ್ಟೆಯೂ ಇಲ್ಲ, ಕುಣಿತವೂ ಇಲ್ಲ. ಮುಂದಿನ ಸೆಪ್ಟೆಂಬರ್‌ನಲ್ಲಿ ಅದೇ ಪ್ರಶ್ನೆ ಗುಂಪಿಗೆ ಬಂದರೆ ನಾನು ವಾದಿಸುವುದಿಲ್ಲ, ‘ಇನ್ಯುಯೆಂಡೊ’ದ ಕೊಂಡಿಯನ್ನು ಕಳುಹಿಸುತ್ತೇನೆ.