ಮಂಗಳೂರಿಗೆ ಬ್ಯಾಗು ತುಂಬುವುದು

ಘಟ್ಟದ ಮೇಲಿನವರು ಮಂಗಳೂರಿಗೆ ಹೊರಟರೆ ಬ್ಯಾಗಿಗೆ ಮೊದಲು ಬೀಳುವುದು ಜೀನ್ಸ್ ಪ್ಯಾಂಟು, ಅದರ ಮೇಲೆ ಸ್ವೆಟರು. ಎರಡೂ ದಂಡದ ಭಾರ. ಡಿಸೆಂಬರಿನ ಬೆಳಗಿನ ಜಾವದಲ್ಲೂ ಅಲ್ಲಿ 20 ಡಿಗ್ರಿಯ ಆಸುಪಾಸು. ಸ್ವೆಟರು ಬೇಕಾಗುವುದೇನಿದ್ದರೂ ರಾತ್ರಿಯ ಎ.ಸಿ. ಬಸ್ಸಿಗೆ. ಇನ್ನು ಜೀನ್ಸು ಜುಲೈಯಲ್ಲಿ ಒಮ್ಮೆ ನೆನೆಯಿತೋ, ಮೂರು ದಿನವಾದರೂ ಸೊಂಟದ ಪಟ್ಟಿ ಹಸಿ, ಜೇಬಿನೊಳಗೆ ಮುಗ್ಗಲು ವಾಸನೆ. ಈ ಊರಿನ ಬಟ್ಟೆಗೆ ಒಂದೇ ಪರೀಕ್ಷೆ: ರಾತ್ರಿ ಹಿಂಡಿ ಫ್ಯಾನಿನಡಿ ಹರವಿದ್ದನ್ನು ಬೆಳಗ್ಗೆ ತೊಡುವಂತಿರಬೇಕು.

ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಬೀಳುವ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಬೆನ್ನಚೀಲಕ್ಕೆ ಹೊರಗಿನಿಂದ ಹೊದಿಸುವ ರೈನ್ ಕವರನ್ನು ನಂಬಬೇಡಿ. ನೀರು ಬೆನ್ನಿಗೂ ಚೀಲಕ್ಕೂ ನಡುವೆ ಇಳಿದು, ಕವರಿಲ್ಲದ ಕಡೆಯಿಂದಲೇ ಒಳಹೊಗುತ್ತದೆ. ಬಟ್ಟೆಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಡುವುದು ಹಳೆಯ ಉಪಾಯ, ಕೆಲಸ ಮಾಡುವುದೂ ಅದೇ. ಒದ್ದೆ ಬಟ್ಟೆಗೆ ಬೇರೆ ಚೀಲ ಇರಲಿ. ಮೂರು ಮಡಿಕೆಯ ಪುಟ್ಟ ಕೊಡೆ ಕಡಲಗಾಳಿಗೆ ತಿರುವಿ ಬಿದ್ದು, ಕಡ್ಡಿಯ ಕೀಲಿನಲ್ಲೇ ಮುರಿಯುತ್ತದೆ. ಉದ್ದ ಹಿಡಿಯ ಕೊಡೆ ಬ್ಯಾಗಿಗೆ ಹಿಡಿಸದು, ಕೈಯಲ್ಲೇ ಹಿಡಿದುಕೊಳ್ಳಿ.

ಕಾಲಿನ ವಿಷಯಕ್ಕೆ ಜಾಗ್ರತೆ ಇನ್ನೂ ಹೆಚ್ಚು ಬೇಕು. ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಶೂ ಮೊದಲ ಮಳೆಗೇ ಬಾಯಿ ಬಿಟ್ಟು, ತಳ ಕಳಚಿ ಕೈಗೆ ಬರುವುದುಂಟು. ಹವಾಯಿ ಚಪ್ಪಲಿ ಬೇಗ ಒಣಗುತ್ತದೆ ನಿಜ, ಆದರೆ ಹೆಜ್ಜೆ ಎತ್ತಿದಾಗಲೆಲ್ಲ ಹಿಮ್ಮಡಿಯಿಂದ ಕೆಸರು ಚಿಮ್ಮಿಸಿ ಪ್ಯಾಂಟಿನ ಹಿಂಬದಿಗೆ ಮಂಡಿಯವರೆಗೂ ಚುಕ್ಕಿ ಇಡುತ್ತದೆ. ಅಲ್ಲಿನ ಮಣ್ಣು ಕೆಂಪು. ಬಿಳಿ ಬಟ್ಟೆಗೆ ತಗುಲಿದರೆ ಸಾಬೂನಿಗೆ ಸುಲಭಕ್ಕೆ ಬಗ್ಗದು. ಹಿಂದೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ವಾಸಿ. ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಮನೆಯಲ್ಲೇ ಬಿಡಿ. ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬಸ್ಸು ಗಂಟೆಗಟ್ಟಲೆ ನಿಂತುಬಿಡುತ್ತದೆ. ಮಾತ್ರೆ, ಬಿಸ್ಕತ್ತು, ಒಂದು ಜೊತೆ ಬಟ್ಟೆ ಡಿಕ್ಕಿಗೆ ಹೋಗದೆ ಕೈಚೀಲದಲ್ಲೇ ಇರಬೇಕು.

ಏಪ್ರಿಲ್, ಮೇ ಬಂತೆಂದರೆ ಲೆಕ್ಕ ತಲೆಕೆಳಗು. ಮಳೆಗಾಲದಲ್ಲಿ ಬೇಗ ಒಣಗಿ ಮಾನ ಕಾಪಾಡಿದ ಸಿಂಥೆಟಿಕ್ ಅಂಗಿ ಈಗ ಮೈಗಂಟಿದ ಶಿಕ್ಷೆ. ಕಲಬುರಗಿಯ 42 ಡಿಗ್ರಿಯನ್ನು ಜೀರ್ಣಿಸಿಕೊಂಡವರೂ ಮಂಗಳೂರಿನ 34ಕ್ಕೆ ಸುಸ್ತಾಗುತ್ತಾರೆ. ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ. ಇದಕ್ಕೇ ಕರಾವಳಿಯವರು ಸೆಖೆ ಎನ್ನುವುದು. ತೆಳು ಹತ್ತಿಯ ಅಂಗಿ, ದಿನಕ್ಕೆ ಎರಡರಂತೆ. ಬೂದು, ತಿಳಿನೀಲಿ ಬೇಡ, ಕಂಕುಳ ಬೆವರಿನ ನಕಾಶೆ ಅದರ ಮೇಲೆ ಚೆನ್ನಾಗಿ ಮೂಡುತ್ತದೆ. ಬಿಳಿ ಅಥವಾ ಚೌಕಳಿ ಅದನ್ನು ಮರೆಸುತ್ತದೆ. ದಪ್ಪ ಟರ್ಕಿ ಟವೆಲಿನ ಬದಲು ತೆಳು ಹತ್ತಿಯ ಬೈರಾಸು. ತೊಡೆ ಉಜ್ಜಿ ಉರಿಯುವವರಿಗೆ ಪೌಡರ್ ಡಬ್ಬಿ.

ನವೆಂಬರಿನಿಂದ ಫೆಬ್ರವರಿಗೆ ಹೇಳುವಂಥದ್ದೇನಿಲ್ಲ. ರಾತ್ರಿ ಬಯಲಾಟಕ್ಕೆ ಕೂರುವವರು ಮಂಜಿಗೆ ತಲೆಗೊಂದು ಶಾಲು ಇಟ್ಟುಕೊಂಡರಾಯಿತು. ಪಂಚೆ, ಶಲ್ಯ ಮಾತ್ರ ಗಂಡಸರಿಗೆ ಯಾವ ಕಾಲಕ್ಕೂ ಬೇಕು. ಉಡುಪಿಯ ಕೃಷ್ಣಮಠವೂ ಸೇರಿದಂತೆ ಅಂಗಿ ತೆಗೆದು ಒಳಹೋಗಬೇಕಾದ ಗುಡಿಗಳು ಆ ಕಡೆ ಹಲವು.

ಹೋಗುವಾಗಲೇ ಬ್ಯಾಗಿನ ಕಾಲು ಭಾಗ ಖಾಲಿ ಬಿಡಿ. ಒಣಮೀನು ತರುವುದಿದ್ದರೆ ಎರಡು ಪದರ ಪ್ಲಾಸ್ಟಿಕ್, ಮೇಲೊಂದು ಬಿಗಿ ಮುಚ್ಚಳದ ಡಬ್ಬಿ. ಇಲ್ಲವಾದರೆ ಇಡೀ ಬಸ್ಸಿನ ಶಾಪ. ಅಕ್ಕಿಯ ಗರಿಗರಿ ಕೋರಿ ರೊಟ್ಟಿ ಎಲ್ಲಕ್ಕಿಂತ ಮೇಲಿರಲಿ, ಪೊಟ್ಟಣ ಬಿಚ್ಚದೆ. ಮುರಿದರೆ ಚಿಂತೆಯಿಲ್ಲ, ಕೋಳಿಸಾರು ಹೊಯ್ಯುವ ಮುಂಚೆ ಹೇಗೂ ಮುರಿಯಬೇಕು. ಮೆತ್ತಗಾದರೆ ಮಾತ್ರ ಕೆಟ್ಟಿತು.