ಹೊಟ್ಟೆಯ ನೀರನ್ನು ಪರೀಕ್ಷೆಗೆ ಕಳಿಸದೆ ಚೆಲ್ಲಬೇಡಿ

ಚಳ್ಳಕೆರೆ ಕಡೆ ಕುರಿ ಸಾಕಿಕೊಂಡಿರುವ ನನ್ನ ಸೋದರಮಾವನಿಗೆ ಲಿವರ್ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಸೋಲುವ ಕಾಯಿಲೆ, ಇದೆ. ಕಳೆದ ಬೇಸಿಗೆಯಲ್ಲಿ ಹೊಟ್ಟೆ ಬಿಗಿದು ಉಸಿರಾಡುವುದೇ ಕಷ್ಟವಾದಾಗ ಒಂದು ಆಸ್ಪತ್ರೆಯಲ್ಲಿ ನಾಲ್ಕು ಲೀಟರ್ ನೀರು ತೆಗೆದರು. ತೆಗೆದದ್ದನ್ನು ಹಾಗೆಯೇ ಚೆಲ್ಲಿದರು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿದ್ದುದನ್ನು, ರಾತ್ರಿ ಅಂಗಿ ತೊಯ್ಯುವಷ್ಟು ಬೆವರುತ್ತಿದ್ದುದನ್ನು ಅಲ್ಲಿನ ವೈದ್ಯರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಜಲೋದರದ, ಅಂದರೆ ಹೀಗೆ ಹೊಟ್ಟೆಯಲ್ಲಿ ತುಂಬಿಕೊಳ್ಳುವ, ನೀರಿಗೆ ಸೋಂಕು ತಗುಲಲು ಕರುಳು ತೂತಾಗಬೇಕೆಂದಿಲ್ಲ. ಲಿವರ್ ಸೋತವರಲ್ಲಿ ಕರುಳಿನೊಳಗಿನ ಬ್ಯಾಕ್ಟೀರಿಯಾಗಳೇ, ಹೆಚ್ಚಾಗಿ ಇ. ಕೋಲೈ ಮತ್ತು ಕ್ಲೆಬ್ಸಿಯೆಲ್ಲಾ, ಗೋಡೆ ದಾಟಿ ಆ ನೀರನ್ನು ಸೇರುತ್ತವೆ. ಎಷ್ಟೋ ಜನರಿಗೆ ಹೊಟ್ಟೆನೋವೂ ಇರುವುದಿಲ್ಲ, ಜ್ವರವೂ ಕಾಣುವುದಿಲ್ಲ; ಮಾತು ತಡವರಿಸುತ್ತದೆ ಅಥವಾ ಮೂತ್ರ ಕಡಿಮೆಯಾಗುತ್ತದೆ, ಅಷ್ಟೇ. ಹಾಗಾಗಿ ಒಂದು ಘನ ಮಿಲಿಮೀಟರ್ ನೀರಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು 250 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿಗೆ ಕಾಯದೆ ಆ್ಯಂಟಿಬಯೋಟಿಕ್ ಶುರು ಮಾಡಬೇಕು.

ಮಾವನಿಗೆ ಆಮೇಲೆ ಕೊಟ್ಟ ಆ್ಯಂಟಿಬಯೋಟಿಕ್ ಕೂಡ ನಾಟಲಿಲ್ಲ. ದಾವಣಗೆರೆಯಲ್ಲಿ ನೋಡಿದ ವೈದ್ಯರು, ಜ್ವರ ಇಳಿಯದಿದ್ದುದನ್ನು ಕಂಡು, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ಆ ಸಲ ಮೂರು ಕುರಿಗಳು ಕಂದು ಹಾಕಿದ್ದವು. ಮಾವ ರೊಪ್ಪದೊಳಗೆ ಕೂತು ಬರಿಗೈಯಲ್ಲೇ ಮಾಸು ಎಳೆದು ತೆಗೆದಿದ್ದ, ಬೆರಳ ಸಂದಿಯಲ್ಲಿ ಮುಳ್ಳು ತರಚಿದ ಗಾಯವೂ ಇತ್ತು. ಇಷ್ಟು ತಿಳಿದದ್ದೇ ಅವರು ಹೊಸದಾಗಿ ನೀರು ತೆಗೆದು, ಮಂಚದ ಪಕ್ಕದಲ್ಲೇ ಅದನ್ನು ಬ್ಲಡ್ ಕಲ್ಚರ್ ಬಾಟಲಿಗೆ ತುಂಬಿ, ಹೆಚ್ಚು ದಿನ ಇಟ್ಟು ನೋಡುವಂತೆ ಲ್ಯಾಬ್‌ಗೆ ಫೋನ್ ಮಾಡಿ ಹೇಳಿದರು. ಆರನೆಯ ದಿನ ಬ್ರುಸೆಲ್ಲಾ ಬೆಳೆಯಿತು; ಕುರಿ, ಮೇಕೆ, ದನಗಳು ಕಂದು ಹಾಕುವಂತೆ ಮಾಡುವ, ಮಾಸು ಮುಟ್ಟಿದರೆ ಅಥವಾ ಹಸಿ ಹಾಲು ಕುಡಿದರೆ ಮನುಷ್ಯರಿಗೂ ಅಂಟುವ ಬ್ಯಾಕ್ಟೀರಿಯಾ ಅದು. ಹೊಟ್ಟೆಯ ನೀರಿನಲ್ಲಿ ಅದು ಸಿಗುವುದು ಬಹಳ ಅಪರೂಪ, ಬೆಳೆಯುವುದೂ ನಿಧಾನ. ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಆರು ವಾರ ನಡೆದವು. ರಿಫಾಂಪಿಸಿನ್ ಲಿವರ್‌ಗೆ ಭಾರವಾದ್ದರಿಂದ ವಾರವಾರವೂ ರಕ್ತಪರೀಕ್ಷೆ.

ಕುರಿ, ಮೇಕೆಗಳನ್ನು ನಂಬಿ ಬದುಕುವ ಚಿತ್ರದುರ್ಗ ಸೀಮೆಯಲ್ಲಿ ಏನು ಕೆಲಸ ಮಾಡ್ತೀರಿ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಕೇಳದಿದ್ದರೆ ನಾವೇ ಹೇಳಬೇಕು: ಕುರಿ ಕಂದು ಹಾಕಿದ್ದನ್ನು, ಹಸಿ ಹಾಲು ಕುಡಿದದ್ದನ್ನು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಬ್ರುಸೆಲ್ಲಾ ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗಷ್ಟೇ ಇದೆ, ಕುರಿಗಳಿಗಿಲ್ಲ. ಮಾವನ ಆ ಮೂರು ಕುರಿಗಳ ರಕ್ತವನ್ನು ಇಂದಿಗೂ ಯಾರೂ ಪರೀಕ್ಷಿಸಿಲ್ಲ.